ಕೆಂಪು ಹುಂಜದ ಗಂಟಲು

ಕೋಲ್ಟರ್ ಫೋರ್ಕ್ ಊರಿನಲ್ಲಿ ಯಾರೂ ಯಾರಿಗೂ ಮುಖದ ಮೇಲೆ ‘ಆಗಲ್ಲ’ ಅನ್ನುವುದಿಲ್ಲ. ಹಾಗೆ ಅನ್ನುವುದು ಅಲ್ಲಿ ಕೆಟ್ಟ ನಡತೆ. ಪಕ್ಕದ ಮನೆಯ ನಾಯಿ ಬೇಲಿ ಹಾರಿ ಬಂದು ಕೋಳಿ ಹಿಡಿದರೂ ಕೋಳಿಯ ಯಜಮಾನ, ‘ನಿಮ್ಮ ನಾಯಿ ಬಹಳ ಚುರುಕು’ ಎಂದು ಹೇಳಿ ಒಳಗೆ ಹೋಗುತ್ತಾನೆ. ವೆಂಡೆಲ್ ಸ್ಟಕಿ ಹುಟ್ಟಿ ಬೆಳೆದದ್ದು ಇದೇ ಊರಿನಲ್ಲಿ. ಶಾಲಾ ಬಸ್ಸುಗಳನ್ನು ರಿಪೇರಿ ಮಾಡುತ್ತಾ ನಿವೃತ್ತನಾದದ್ದೂ ಇಲ್ಲೇ. ಆದರೂ ಮಿಸ್ ಓಪಲ್ ಟ್ಯಾಕೆಟ್ ತನಗೆ ಹನ್ನೆರಡು ವರ್ಷಗಳಿಂದ ದೋಣಿ ಕೊಡದೆ ಇರುವುದು ಮುದುಕಿಯ ಮರೆವಿನಿಂದ ಎಂದೇ ಅವನು ನಂಬಿದ್ದ.

ದೋಣಿ ಓಪಲ್ ಅವರ ತೀರಿಹೋದ ಗಂಡ ಹಾರ್ಲನ್‌ನದು. ಅಲ್ಯುಮಿನಿಯಮ್ಮಿನ ಮೀನು ಹಿಡಿಯುವ ದೋಣಿ, ಹಿತ್ತಲಿನಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಮಲಗಿತ್ತು. ಪ್ರತಿ ವಸಂತದಲ್ಲೂ ವೆಂಡೆಲ್ ಟೋಪಿ ಕೈಯಲ್ಲಿ ಹಿಡಿದು ಹೋಗಿ ಕೇಳುತ್ತಿದ್ದ. ಪ್ರತಿ ವಸಂತದಲ್ಲೂ ಓಪಲ್ ಅವನಿಗೊಂದು ಬಿಸ್ಕತ್ತು ಕೊಟ್ಟು, “ನೋಡೋಣ ಮರಿ” ಅನ್ನುತ್ತಿದ್ದರು. ಈ ವರ್ಷ ಮಾತ್ರ ಬಿಸ್ಕತ್ತಿನ ಜೊತೆ ಒಂದು ಷರತ್ತೂ ಬಂತು.

“ಅಟ್ಟದ ಮೇಲೆ ಹಾರ್ಲನ್‌ನ ಸಿಬಿ ರೇಡಿಯೊ ಇದೆ. ಎಪ್ಪತ್ತೊಂದನೇ ಇಸವಿಯಲ್ಲಿ ಸತ್ತುಹೋಯ್ತು. ಮೂರು ಜನ ರಿಪೇರಿಗೆ ನೋಡಿ ಕೈಬಿಟ್ಟರು. ನನ್ನ ಎಂಬತ್ತೈದನೇ ಹುಟ್ಟುಹಬ್ಬಕ್ಕೆ ಅದು ಮಾತಾಡಿದರೆ ದೋಣಿ ನಿನ್ನದು, ಮರಿ.”

ಲಾರಿ ಡ್ರೈವರುಗಳು ಹೆದ್ದಾರಿಯಲ್ಲಿ ಹರಟೆ ಹೊಡೆಯುವ ರೇಡಿಯೊ ಅದು. ಈಗಿನವು ಅಂಗೈ ಅಗಲದವು. ಹಾರ್ಲನ್‌ನದು ವಾಲ್ವುಗಳ ಕಾಲದ್ದು, ರೊಟ್ಟಿ ಡಬ್ಬಿಯ ಗಾತ್ರ, ತೂಕದಲ್ಲಿ ಎಳೆಗರು. ಆ ರೇಡಿಯೊ ಮೇಲೆ ಹಾರ್ಲನ್ ತನ್ನನ್ನು ‘ಕೆಂಪು ಹುಂಜ’ ಎಂದು ಕರೆದುಕೊಳ್ಳುತ್ತಿದ್ದ. ಸೂರ್ಯ ಹುಟ್ಟುವುದಕ್ಕೆ ಮೊದಲೇ ಕೂಗಲು ಶುರು ಮಾಡುತ್ತಿದ್ದುದರಿಂದ ಹೆಸರು ಸರಿಯಾಗಿಯೇ ಇತ್ತು.

ಇಡೀ ಬೇಸಿಗೆ ವೆಂಡೆಲ್ ಗ್ಯಾರೇಜಿನಲ್ಲಿ ಕೂತ. ಮೇಣ ಕರಗಿ ಸೋರಿದ್ದ ಕಂಡೆನ್ಸರುಗಳನ್ನೆಲ್ಲ ಬದಲಿಸಿದ. ಇಲಿ ಕಡಿದ ವೈರುಗಳನ್ನು ಕಿತ್ತು ಹೊಸದು ಬೆಸೆದ. ದನಿಯನ್ನು ಹೊರಗೆ ಕಳಿಸುವ ದೊಡ್ಡ ವಾಲ್ವ್ ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಎರಡು ಜಿಲ್ಲೆ ಆಚೆಯ ಸಂತೆಯಲ್ಲಿ, ಬಾಗಿಲ ಹಿಡಿಕೆಗಳ ಬುಟ್ಟಿಯ ತಳದಲ್ಲಿ ಒಂದು ಸಿಕ್ಕಿತು. ಅದೊಂದೇ. ಅದನ್ನು ಕಾಲುಚೀಲದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಂದ. ಕಾರು ಓಡಿಸುತ್ತಿದ್ದ ಹೆಂಡತಿ ಲೊರೀನ್, “ನಮ್ಮ ಮಕ್ಕಳನ್ನ ಆಸ್ಪತ್ರೆಯಿಂದ ತರುವಾಗಲೂ ನೀನು ಹೀಗೆ ಹಿಡಕೊಂಡಿರಲಿಲ್ಲ” ಎಂದಳು.

ಹುಟ್ಟುಹಬ್ಬದ ಶನಿವಾರ ಬಂತು. ಮೂರು ಗಂಟೆಗೆ ಚರ್ಚಿನ ನೆಲಮಾಳಿಗೆಯ ಹಾಲಿನಲ್ಲಿ ಊಟ. ಗ್ಯಾರೇಜಿನಿಂದ ಚರ್ಚಿಗೆ ಒಂದು ಬೀದಿ ದೂರ. ಪಕ್ಕದ ಮನೆಯ ವರ್ನ್ ಕ್ರೌಚ್ ತನ್ನ ಪಿಕಪ್ ಗಾಡಿಯನ್ನು ಹಾಲಿನ ಕಿಟಕಿ ಪಕ್ಕ ನಿಲ್ಲಿಸಿ ಅದರ ಸಿಬಿ ರೇಡಿಯೊ ಹಚ್ಚುವುದು, ವೆಂಡೆಲ್ ಗ್ಯಾರೇಜಿನಿಂದ ‘ಹ್ಯಾಪಿ ಬರ್ತ್‌ಡೇ’ ಹೇಳುವುದು, ಓಪಲ್ ಕೇಳುವುದು, ದೋಣಿ ಕೈಗೆ ಬರುವುದು. ಏರ್ಪಾಡು ಇಷ್ಟು.

ಬೆಳಗ್ಗೆ ಹತ್ತರ ಸುಮಾರಿಗೆ ವೆಂಡೆಲ್ ಮೊದಲ ಸಲ ಪೂರ್ತಿ ಕರೆಂಟು ಕೊಟ್ಟ. ವಾಲ್ವುಗಳು ಒಂದೊಂದಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿದವು. ಬಿಸಿ ಧೂಳಿನ ವಾಸನೆ ಬಂತು. ಗಾಳಿಗೆ ಮಾತು ಬಿಡುವ ಮೊದಲು ಪರೀಕ್ಷೆ ಮಾಡಬೇಕಲ್ಲ? ಅದಕ್ಕೆ ಹಳಬರದೊಂದು ಪದ್ಧತಿ ಉಂಟು. ಮಾತನ್ನು ಗಾಳಿಗೆ ಬಿಡುವ ಏರಿಯಲ್ ಕಂಬಿಯ ಬದಲು ಒಂದು ಪುಟ್ಟ ಬಲ್ಬು ಸಿಕ್ಕಿಸುತ್ತಾರೆ. ದನಿಯೆಲ್ಲ ಬಲ್ಬಿನೊಳಗೆ ಉರಿದುಹೋಗುತ್ತದೆ, ಹೊರಗೆ ಯಾರಿಗೂ ಕೇಳಿಸುವುದಿಲ್ಲ. ಬಲ್ಬು ಮಿನುಗಿದರೆ ರೇಡಿಯೊ ಬದುಕಿದೆ ಎಂದರ್ಥ.

ವೆಂಡೆಲ್ ಬಲ್ಬು ಸಿಕ್ಕಿಸಿ ಕಾಫಿ ತರಲು ಒಳಗೆ ಹೋದ. ಆ ಹೊತ್ತಿಗೆ ವರ್ನ್ ಬಂದ. ಬೇರೆಯವರ ಗ್ಯಾರೇಜಿನಲ್ಲಿ ಕೈ ಕಟ್ಟಿ ನಿಂತು ವರ್ನ್‌ಗೆ ಅಭ್ಯಾಸವಿಲ್ಲ. ಮೇಜಿನ ಮೇಲೆ ಚಾವಣಿಯ ಏರಿಯಲ್ ಕಂಬಿಯಿಂದ ಬಾಗಿಲ ಪಕ್ಕದ ಗೋಡೆಯ ಗುಂಟ ಬಂದ ಕೇಬಲ್ಲಿನ ತುದಿ ಸುಮ್ಮನೆ ಬಿದ್ದಿತ್ತು. ಪಕ್ಕದಲ್ಲೇ ಒಂದು ಕವಲು ಜೋಡಣೆ ಇತ್ತು. ಪಾಪ, ಸಹಾಯವಾಗಲಿ ಎಂದು ಬಲ್ಬನ್ನೂ ಏರಿಯಲ್ಲನ್ನೂ ಒಟ್ಟಿಗೆ ರೇಡಿಯೊಗೆ ಬಿಗಿದುಬಿಟ್ಟ. ಹೇಳುವುದನ್ನು ಮರೆತ.

ವೆಂಡೆಲ್ ಬಂದು ಮೈಕಿನ ಪಟ್ಟಿ ಒತ್ತಿದ. ಬಲ್ಬು ಹತ್ತಿತು.

“ನೋಡೋ ವರ್ನ್! ಉರೀತಿದೆ!”

“ಸ್ವಲ್ಪ ಮಂಕು ಅಲ್ವೇನೋ?”

“ಮೊದಲ ದಿನ ಅಲ್ವಾ? ಬಿಸಿಯಾಗಲಿ.” ಮಂಕಿನ ಕಾರಣ ಹುಡುಕಲು ಎರಡೂ ಕೈ ಬೇಕಿತ್ತು. ವೆಂಡೆಲ್ ಮೈಕಿನ ಕೆಳಗಿನ ಪುಟ್ಟ ಕೊಕ್ಕೆ ಹಾಕಿದ. ಕೊಕ್ಕೆ ಹಾಕಿದರೆ ಒತ್ತಿ ಹಿಡಿಯುವುದು ಬೇಡ, ಮೈಕು ತಾನಾಗಿ ತೆರೆದೇ ಇರುತ್ತದೆ. ತೆರೆದಿರುವಷ್ಟು ಹೊತ್ತೂ ಬೇರೆಯವರು ‘ಸಾಕು ಮಾಡಪ್ಪ’ ಎಂದು ಕೂಗಿಕೊಂಡರೂ ಈ ಕಡೆ ಕೇಳುವುದಿಲ್ಲ. ಈ ವಿಷಯದಲ್ಲಿ ಸಿಬಿ ರೇಡಿಯೊ ಮದುವೆಮನೆಯ ಭಾಷಣಕಾರನ ಹಾಗೆ.

“ಏನಾದ್ರೂ ಮಾತಾಡ್ತಿರು, ಬಲ್ಬು ಕುಣೀಬೇಕು” ಎಂದ ವೆಂಡೆಲ್.

“ಏನು ಮಾತಾಡ್ಲಿ?”

“ಏನಾದ್ರೂ. ಇಲ್ಲಿ ಕೇಳೋರು ಯಾರಿದ್ದಾರೆ?”

ವರ್ನ್ ಮಾತಾಡಿದ. “ಹೋದ ತಿಂಗಳು ಪಾಸ್ಟರ್ ಮನೆ ಅಂಚೆಪೆಟ್ಟಿಗೆ ಮುರಿದುಬಿತ್ತಲ್ಲ, ಜಿಂಕೆ ಗುದ್ದಿತು ಅಂತ ಎಲ್ಲರೂ ಅಂದ್ರಲ್ಲ? ಜಿಂಕೆ ಅಲ್ಲ ಕಣೋ. ನನ್ನ ಹೆಂಡ್ತಿ ಡಾಟಿ. ಕಾರು ಹಿಂದೆ ತಗೊಳ್ಳೋವಾಗ.”

ಬಲ್ಬು ಚೆನ್ನಾಗಿ ಕುಣಿಯಿತು. ವೆಂಡೆಲ್‌ಗೆ ಹುರುಪು ಬಂತು.

“ಪಾಸ್ಟರ್‌ದೇನು ಬಿಡು. ಅವರ ಪ್ರವಚನ ಈ ಟ್ರಾನ್ಸ್‌ಫಾರ್ಮರ್ ಇದ್ದ ಹಾಗೆ. ಒಂದು ಗಂಟೆ ಗುಂಯ್ ಅನ್ನುತ್ತೆ, ಬೆಳಕು ಮಾತ್ರ ಬರಲ್ಲ.”

“ಇವತ್ತು ಊಟಕ್ಕೇನಂತೆ?”

“ಮಿಸ್ ಓಪಲ್‌ದು ಆ ಹಸಿರು ಜೆಲ್ಲಿ ಸಲಾಡ್. ಕ್ಯಾರೆಟ್ ತುರಿ ಹಾಕಿದ್ದು. ಅದನ್ನ ನೋಡಿದಾಗೆಲ್ಲ ನನಗೆ ದನ ನೀರು ಕುಡಿಯೋ ತೊಟ್ಟಿ ನೆನಪಾಗುತ್ತೆ. ನಮ್ಮ ಲೊರೀನ್ ಟ್ಯೂನಾ ಮೀನಿನ ಅಡುಗೆ ಬೇರೆ ತರ್ತಾಳೆ. ಮೂವತ್ತೆಂಟು ವರ್ಷದಿಂದ ‘ಆಹಾ’ ಅಂತಿದೀನಿ ವರ್ನ್. ಒಂದು ಸಲ ನಾಯಿಗೆ ಹಾಕಿದೆ. ಅದು ತಟ್ಟೆ ಮೇಲೆ ಮಣ್ಣು ಎಳೆದು ಮುಚ್ಚಿತು.”

ಇಬ್ಬರೂ ಮೇಜು ಗುದ್ದಿ ನಕ್ಕರು. ನಗುವಾಗ ವರ್ನ್‌ನ ಕೈ ಹಾರ್ಲನ್‌ನ ಹಳೆಯ ಕೇಬಲ್ ಸುರುಳಿಗೆ ತಗುಲಿತು. ರೇಡಿಯೊ ಜೊತೆ ಅಟ್ಟದಿಂದ ಬಂದದ್ದು ಅದು. “ಇದ್ಯಾಕೋ ಇಲ್ಲಿ ಚುಚ್ತು” ಎಂದ.

ವೆಂಡೆಲ್ ಅಲ್ಲಿ ಸುತ್ತಿದ್ದ ಟೇಪು ಬಿಚ್ಚಿದ. ಕೇಬಲ್ಲಿನ ಹೊಟ್ಟೆಯಲ್ಲಿ ಈಚೆಯಿಂದ ಆಚೆಗೆ ಹಾಯ್ದ ಒಂದು ಉದ್ದನೆಯ ಪಿನ್ನು, ಅದರ ತಲೆಯಲ್ಲಿ ಕಪ್ಪು ಗಾಜಿನ ಮಣಿ.

ಸಿಬಿ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಒಬ್ಬನ ಬಾಯಿ ಮುಚ್ಚಿಸಬೇಕೆಂದರೆ ಅವನ ಕೇಬಲ್ಲಿಗೆ ಪಿನ್ನು ಚುಚ್ಚುತ್ತಿದ್ದರು. ಒಳಗಿನ ತಂತಿಯೂ ಹೊರಗಿನ ಹೆಣಿಗೆಯೂ ಒಂದಾಗಿ, ಮಾತು ಹೊರಗೆ ಹೋಗದೆ ತಿರುಗಿ ಬಂದು, ದೊಡ್ಡ ವಾಲ್ವು ಸುಟ್ಟು ಸಾಯುತ್ತಿತ್ತು.

“ಇದು ತಾನಾಗಿ ಸತ್ತಿದ್ದಲ್ಲ ವರ್ನ್, ಕೇಬಲ್ಲಿಗೆ ಪಿನ್ನು ಚುಚ್ಚಿದಾರೆ” ಎಂದ ವೆಂಡೆಲ್. “ಕೊಲೆ.”

“ಯಾರೋ ಮಾಡಿದ್ದು?”

“ಯಾರು ಮಾಡಿರಲ್ಲ? ದಿನಾ ಬೆಳಗ್ಗೆ ಮನೆ ಟಿವಿಯಲ್ಲೂ ನುಸುಳೋ ಹಾರ್ಲನ್ ಕೂಗು ಕೇಳಬೇಕಾಗಿದ್ದ ಊರೇ ಮಾಡಿರಬಹುದು! ನನ್ನ ಅನುಮಾನ ಲೊರೀನಳ ಅಮ್ಮನ ಮೇಲೆ. ನಾಲಿಗೆ, ಸೂಜಿ, ಎರಡೂ ಚೂಪು.”

“ಡಾಟಿ ಅಮ್ಮನನ್ನ ಬಿಡಬೇಡ. ಪಾಸ್ಟರ್ ಅಪ್ಪನನ್ನೂ. ಅವರೂ ಪಾಸ್ಟರೇ. ಪ್ರಾರ್ಥನೆ ಮಧ್ಯೆ ಚರ್ಚಿನ ಕರೆಂಟು ಆರ್ಗನ್ನಿನ ಸ್ಪೀಕರಿನಲ್ಲಿ ಹಾರ್ಲನ್ ಮೀನಿನ ಕತೆ ಬರ್ತಿತ್ತಂತೆ.”

“ಯಾರಾದ್ರೂ ಆಗಲಿ, ಹೇಡಿ ಕೆಲಸ! ಹಾರ್ಲನ್ ಮುಖಕ್ಕೆ ಒಂದು ಮಾತು ಹೇಳಬಹುದಿತ್ತಲ್ಲ!” ಎಂದು ವೆಂಡೆಲ್ ಆವೇಶದಿಂದ ಕೈ ಬೀಸಿದ. ಕೈ ರೇಡಿಯೊ ಒಳಗಿನ ಕಂಡೆನ್ಸರಿಗೆ ತಗುಲಿತು.

ಮುನ್ನೂರು ವೋಲ್ಟು. ಹೇಸರಗತ್ತೆ ಒದ್ದ ಹಾಗಾಯಿತು. ವೆಂಡೆಲ್ ಹಿಂದಕ್ಕೆ ಹಾರಿ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ಕೂತ. ಹಾರುವಾಗ ಮೈಕಿಗೆ ಮೊಣಕೈ ತಗುಲಿ, ಮೈಕು ನೆಲಕ್ಕೆ ಬಿದ್ದು, ಕೊಕ್ಕೆ ಕಳಚಿತು. ಆ ಕ್ಷಣವೇ ರೇಡಿಯೊದ ಸ್ಪೀಕರು ಅರ್ಧ ಶತಮಾನದ ಮೌನ ಮುರಿಯಿತು.

“ಅಣ್ಣಾ, ನಿಲ್ಲಿಸಬೇಡಪ್ಪ!” ಎಂದಿತು ಯಾರದೋ ಗಡಸು ದನಿ. “ಓಹಾಯೋ ಕಡೆ ಹೋಗ್ತಿರೋ ಲಾರಿಯೋನು ನಾನು. ನಗೋಕೆ ಅಂತ ಗಾಡಿ ಪಕ್ಕಕ್ಕೆ ಹಾಕಿದೀನಿ. ಆಮೇಲೆ ಆ ನಾಯಿ ಏನು ಮಾಡ್ತು?”

ವೆಂಡೆಲ್‌ಗೆ ಎರಡನೆಯ ಹೊಡೆತ ಮೊದಲನೆಯದಕ್ಕಿಂತ ಜೋರಾಗಿ ಬಿತ್ತು. ಬಲ್ಬಿನ ಕಡೆ ನೋಡಿದ. ಕವಲು ಜೋಡಣೆ ಕಂಡಿತು. ಏರಿಯಲ್ ಕೇಬಲ್ ಕಂಡಿತು. ಕೊನೆಗೆ ವರ್ನ್ ಕಂಡ.

“ಎರಡಿದ್ರೆ ಒಳ್ಳೇದಲ್ವಾ ಅಂತ...” ಎಂದ ವರ್ನ್.

“ಅರ್ಧ ಗಂಟೆ! ಅರ್ಧ ಗಂಟೆ ಗಾಳಿ ಮೇಲೆ ಇದ್ವಿ ಕಣೋ!”

“ಅದಕ್ಕೇನೀಗ? ಕೇಳಿದೋನು ಓಹಾಯೋಗೆ ಹೋಗೋ ಲಾರಿಯೋನು. ಅವನಿಗೆ ಡಾಟಿ ಯಾರು, ಲೊರೀನ್ ಯಾರು? ಈ ಊರಲ್ಲಿ ನನ್ನ ಗಾಡಿ ಬಿಟ್ಟರೆ ಸಿಬಿ ಯಾರ ಹತ್ತಿರ ಇದೆ?”

ವೆಂಡೆಲ್ ಯೋಚಿಸಿದ. ನಿಜ. ಹೆದರಿಕೆ ಇಳಿದ ಜಾಗದಲ್ಲಿ ನಿಧಾನವಾಗಿ ಇನ್ನೊಂದು ವಿಷಯ ಬಂದು ಕೂತಿತು. ರೇಡಿಯೊ ಮಾತಾಡಿದೆ. ಹೆದ್ದಾರಿವರೆಗೆ ಹೋಗಿದೆ. ದೋಣಿ!

“ವಾಲ್ವು ಬಹಳ ಬಿಸಿಯಾಗಿದೆ. ಮೂರು ಗಂಟೆವರೆಗೆ ಮೈಕು ಮುಟ್ಟಬೇಡ” ಎಂದು ಹೇಳಿ ವರ್ನ್ ಗಾಡಿ ತೊಳೆಯಲು ಹೋದ. ಹೋಗುವ ಮೊದಲು ಬಲ್ಬನ್ನೂ ಕವಲು ಜೋಡಣೆಯನ್ನೂ ವೆಂಡೆಲ್ ಅವನ ಕೈಯಿಂದಲೇ ಬಿಚ್ಚಿಸಿ, ಏರಿಯಲ್ ಕೇಬಲ್ಲನ್ನು ನೇರ ರೇಡಿಯೊಗೆ ಸಿಕ್ಕಿಸಿದ. ಕಪ್ಪು ಮಣಿಯ ಪಿನ್ನನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಮಧ್ಯಾಹ್ನ ಜನ ಬರತೊಡಗಿದರು.

ಮೊದಲು ಲೊರೀನ್ ಬಂದಳು. ಬೆಳಗ್ಗೆಯಿಂದ ಚರ್ಚಿನ ಹಾಲಿನಲ್ಲಿ ಬಣ್ಣದ ಕಾಗದ ಕಟ್ಟುತ್ತಿದ್ದವಳು ಗಂಡನ ಊಟಕ್ಕೆಂದು ಟ್ಯೂನಾ ಅಡುಗೆಯ ಇಡೀ ತಟ್ಟೆ ತಂದಿದ್ದಳು.

“ತಿನ್ನು ವೆಂಡೆಲ್. ನಿನಗೆ ಇಷ್ಟ ಅಲ್ವಾ?”

“ಆಹಾ!” ಎಂದ ವೆಂಡೆಲ್.

“ಇನ್ನೊಂದು ಸಲ ಹೇಳು.”

“ಆಹಾ!”

“ತಳದವರೆಗೆ ತಿನ್ನು. ನಾಯಿಗೆ ಏನೂ ಉಳಿಸಬೇಡ.” ಅವಳು ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತು ಅವನು ತಿನ್ನುವುದನ್ನೇ ನೋಡಿದಳು. ಹೆಂಡತಿ ಇಷ್ಟು ಪ್ರೀತಿಯಿಂದ ನೋಡಿ ಎಷ್ಟು ವರ್ಷವಾಯಿತೋ! ವೆಂಡೆಲ್‌ಗೆ ಕೊರಳು ಕಟ್ಟಿತು. ಅರ್ಧ ಅದು ಟ್ಯೂನಾದಿಂದ.

ಆಮೇಲೆ ಪಾಸ್ಟರ್ ಗಿಬ್ಸ್ ಬಂದರು. ಮಡಚುವ ಕುರ್ಚಿ ಬೇಕಿತ್ತಂತೆ. ಗೋಡೆಯ ಹತ್ತಿರ ಕುರ್ಚಿಗಳನ್ನು ಎಣಿಸುತ್ತಾ ಬಹಳ ಹೊತ್ತು ಬಗ್ಗಿದರು.

“ಬ್ರದರ್ ವೆಂಡೆಲ್, ನಿಮ್ಮ ದನಿಯಲ್ಲಿ ಶಕ್ತಿ ಇದೆ. ದೂರ ಮುಟ್ಟುತ್ತೆ.”

“ನಿಮ್ಮಷ್ಟೆಲ್ಲಿ ಪಾಸ್ಟರ್!”

“ಇಲ್ಲ ಇಲ್ಲ. ನಂದು ಬರೀ ಗುಂಯ್ ಅನ್ನುತ್ತೆ” ಎಂದು ನಗುತ್ತಾ ಹೋದರು. ಕುರ್ಚಿ ಮರೆತರು.

ವರ್ನ್‌ನ ಹೆಂಡತಿ ಡಾಟಿ ಪೀಚ್ ಹಣ್ಣಿನ ಪೈ ತಂದಳು. “ರೇಡಿಯೊ ನೋಡ್ಬೇಕು ಅನ್ನಿಸ್ತಪ್ಪ” ಎಂದವಳು ರೇಡಿಯೊ ಕಡೆ ನೋಡಲೇ ಇಲ್ಲ. ಗೋಡೆಗೆ ಬೆನ್ನು ಕೊಟ್ಟು, ಕೈ ಹಿಂದೆ ಕಟ್ಟಿ, ಹವಾಮಾನದ ಬಗ್ಗೆ ಮಾತಾಡಿದಳು. “ಈ ವರ್ಷ ಜಿಂಕೆ ಕಾಟ ಜಾಸ್ತಿ ಅಲ್ವಾ?” ಎಂದು ಹೊರಟಳು.

ಊರು ತನ್ನ ಬಗ್ಗೆ ಇಷ್ಟು ಹೆಮ್ಮೆಪಡುತ್ತದೆ ಎಂದು ವೆಂಡೆಲ್‌ಗೆ ಗೊತ್ತಿರಲಿಲ್ಲ. ಪೈ ತಿನ್ನುತ್ತಾ ದೋಣಿಗೆ ಯಾವ ಬಣ್ಣ ಬಳಿಯಲಿ ಎಂದು ಯೋಚಿಸಿದ. ಹಸಿರು ಎಂದು ತೀರ್ಮಾನಿಸಿದ.

ಎಲ್ಲರಿಗಿಂತ ಕೊನೆಗೆ, ಊರುಗೋಲು ಊರುತ್ತಾ, ಮಿಸ್ ಓಪಲ್ ತಾವೇ ಬಂದರು. ಕೃತಕ ಚೆರ್ರಿ ಹಣ್ಣುಗಳ ಗೊಂಚಲಿದ್ದ ಹುಲ್ಲಿನ ಟೋಪಿ ತಲೆಯ ಮೇಲಿತ್ತು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ರೇಡಿಯೊವನ್ನು ನೋಡಿದರು. ವಾಲ್ವುಗಳು ಕಿತ್ತಳೆಯಾಗಿ ಉರಿಯುತ್ತಿದ್ದವು.

“ಹಾಗೇ ಇದೆ” ಎಂದರು. “ಹಾರ್ಲನ್ ಈಗಲೇ ಎದ್ದು ಬಂದು ಕೂತ್ಕೊಳ್ಳೋ ಹಾಗೆ.”

“ಮೂರು ಗಂಟೆಗೆ ಕೇಳಿಸ್ತೀನಿ, ಮಿಸ್ ಓಪಲ್.”

“ಮರಿ, ಒಂದು ನಿಮಿಷ ನನ್ನನ್ನ ಇದರ ಜೊತೆ ಒಂಟಿಯಾಗಿ ಬಿಡ್ತೀಯಾ?” ಅವರು ಕರವಸ್ತ್ರ ತೆಗೆದರು.

ವೆಂಡೆಲ್ ಟೋಪಿ ತೆಗೆದು ಎದೆಗೊತ್ತಿಕೊಂಡು ಹೊರಗೆ ಹೋದ. ಅಂಗಳದಲ್ಲಿ ನಿಂತು ತಾನೂ ಕಣ್ಣೊರೆಸಿಕೊಂಡ. ಒಳಗಿನಿಂದ ಸಣ್ಣದೊಂದು ಮುಲುಕು ಕೇಳಿಸಿತು. ಐವತ್ತು ವರ್ಷದ ದಾಂಪತ್ಯ, ಸುಮ್ಮನೆಯೇ!

ಮೂರು ಗಂಟೆಗೆ ವೆಂಡೆಲ್ ಗಂಟಲು ಸರಿಮಾಡಿಕೊಂಡ. ಮೈಕು ಒತ್ತಿದ. “ಕೆಂಪು ಹುಂಜದ ಗೂಡಿನಿಂದ ಮಿಸ್ ಓಪಲ್ ಅವರಿಗೆ...”

ಮುಂದೆ ಹೇಳಲಾಗಲಿಲ್ಲ. ದೊಡ್ಡ ವಾಲ್ವು ಕಿತ್ತಳೆಯಿಂದ ಕೆಂಪಾಯಿತು. ಕೆಂಪಿನಿಂದ ಕುಲುಮೆಯ ಕಬ್ಬಿಣವಾಯಿತು. ‘ಟಿಕ್’ ಎಂದಿತು. ಗಾಜಿನೊಳಗೆ ಹಾಲಿನಂಥ ಬಿಳುಪು ಹರಡಿತು. ಆಮೇಲೆ ಏನೂ ಇಲ್ಲ. ಕಾಲುಚೀಲದಲ್ಲಿ ಸುತ್ತಿ ತಂದ ವಾಲ್ವು, ಎರಡು ಜಿಲ್ಲೆಗೆಲ್ಲ ಅದೊಂದೇ.

ವೆಂಡೆಲ್ ರೇಡಿಯೊದ ಹಿಂಬದಿಯಿಂದ ಕೇಬಲ್ಲನ್ನು ಬೆರಳಲ್ಲಿ ಸವರುತ್ತಾ ಗೋಡೆಯ ಗುಂಟ ನಡೆದ. ಬಾಗಿಲ ಹತ್ತಿರ ಬೆರಳು ನಿಂತಿತು.

ಹಳದಿ ತಲೆಯ ಪಿನ್ನು. ಕೌದಿ ಹೊಲಿಯುವವರದು. ಅದು ಅವನಿಗೆ ಚೆನ್ನಾಗಿ ಗೊತ್ತು. ಮನೆಯಲ್ಲಿ ಬರಿಗಾಲಲ್ಲಿ ನಡೆದಾಗಲೆಲ್ಲ ಕಾಲಿಗೆ ಸಿಗುತ್ತಿತ್ತು. ಗೇಣು ದೂರದಲ್ಲಿ ಬಿಳಿ ತಲೆಯ ಪಿನ್ನು, ಮದುವೆ ಮಾಡಿಸುವ ದಿನ ಪಾಸ್ಟರ್ ಕೋಟಿಗೆ ಹೂ ಸಿಕ್ಕಿಸಿಕೊಳ್ಳುವಂಥದು. ಅದರಾಚೆ, ಬಿಸಿ ಜೋಳದ ತೆನೆಗೆ ಚುಚ್ಚಿ ಹಿಡಿಯುವ ಎರಡು ಮುಳ್ಳಿನ ಹಿಡಿಕೆ. ಡಾಟಿಗೆ ಅದನ್ನು ಮುಚ್ಚಿಡುವ ತಾಳ್ಮೆಯೂ ಇರಲಿಲ್ಲ. ತೆನೆಯಾಕಾರದ ಹಿಡಿ ಹಾಗೇ ನೇತಾಡುತ್ತಿತ್ತು.

ಸ್ಟೂಲಿನ ಪಕ್ಕದಲ್ಲಿ ಇನ್ನೊಂದಿತ್ತು. ಕೇಬಲ್ಲನ್ನು ಈಚೆಯಿಂದ ಆಚೆಗೆ ಹಾಯ್ದಿತ್ತು, ನುರಿತ ಕೈಯ ಕೆಲಸ. ತಲೆಯಲ್ಲಿ ಕಪ್ಪು ಗಾಜಿನ ಮಣಿ.

ವೆಂಡೆಲ್ ಜೇಬು ಮುಟ್ಟಿ ನೋಡಿಕೊಂಡ. ಬೆಳಗ್ಗೆ ಸಿಕ್ಕಿದ್ದು ಅಲ್ಲೇ ಇತ್ತು. ಇದು ಬೇರೆ. ಇದನ್ನೂ ಕಿತ್ತು ಅದರ ಜೊತೆ ಜೇಬಿಗೆ ಹಾಕಿಕೊಂಡ.

ಅವನು ಚರ್ಚಿನ ಹಾಲಿಗೆ ಹೋಗುವಷ್ಟರಲ್ಲಿ ಕೇಕು ಕತ್ತರಿಸಿ ಆಗಿತ್ತು. ಒಳಗೆ ಕಾಲಿಟ್ಟೊಡನೆ ಎಲ್ಲರೂ ಸಿಹಿಯಾಗಿ ನಕ್ಕರು. ಮೂಲೆಯಲ್ಲಿ ವರ್ನ್ ಒಬ್ಬನೇ, ಖಾಲಿ ತಟ್ಟೆ ಹಿಡಿದು, ಕುರ್ಚಿ ಸಿಗದೆ ನಿಂತಿದ್ದ. ಪಿಸುಗುಟ್ಟಿದ.

“ಬೆಳಗ್ಗೆ ಇವರೆಲ್ಲ ಇಲ್ಲೇ ಮೇಜು ಜೋಡಿಸ್ತಿದ್ರಂತೆ. ನಾವು ಮಾತಾಡಿದ್ದೆಲ್ಲ ಆ ಆರ್ಗನ್ನಿನ ಸ್ಪೀಕರಿನಲ್ಲಿ ಬಂತಂತೆ ಕಣೋ, ಹಾರ್ಲನ್ ಕಾಲದ ಹಾಗೆ. ಒಂದಕ್ಷರ ಬಿಡದೆ. ಆಫ್ ಮಾಡೋಣ ಅಂತ ಯಾರೋ ಎದ್ದರೆ, ಮಿಸ್ ಓಪಲ್ ಬೇಡ ಅಂದ್ರಂತೆ.”

“ನಿನಗೆ ಹೇಳಿದ್ದು ಯಾರು?”

“ಯಾರೂ ಏನೂ ಹೇಳಿಲ್ಲ. ಡಾಟಿ ನನ್ನನ್ನ ನೋಡಿ ‘ಮ್ಯಾಂ’ ಅಂತ ಜಿಂಕೆ ಥರ ಕೂಗಿದಳು. ಆಮೇಲೆ ನಾನೇ ಆರ್ಗನ್ ನುಡಿಸೋ ಹುಡುಗಿಯನ್ನ ಕೇಳಿದೆ.”

ವೆಂಡೆಲ್ ಸುತ್ತ ನೋಡಿದ. ಯಾರನ್ನು ಹಿಡಿದು ಕೇಳುವುದು? ಟ್ಯೂನಾ ಹೊಟ್ಟೆಯಲ್ಲಿತ್ತು. ಪೈ ಹೊಟ್ಟೆಯಲ್ಲಿತ್ತು. ಮುಖಕ್ಕೆ ಹೇಳಬಹುದಿತ್ತಲ್ಲ ಎಂದು ಬೆಳಗ್ಗೆ ಊರಿಗೆಲ್ಲ ಕೇಳುವಂತೆ ಕೂಗಿದವನು ಈಗ ಹೆಂಡತಿ ಎಳೆದು ಕೊಟ್ಟ ಕುರ್ಚಿಯ ಮೇಲೆ ಕೂತ. ಕುರ್ಚಿ ಸರಿಯಾಗಿ ಮಿಸ್ ಓಪಲ್ ಪಕ್ಕದಲ್ಲಿತ್ತು.

“ನನಗೇನೂ ಕೇಳಿಸಲಿಲ್ಲ ಮರಿ” ಎಂದರು ಓಪಲ್, ತುಂಬಾ ನೊಂದವರಂತೆ. “ವರ್ನ್ ಗಾಡೀಲಿ ಬರೀ ಕುರ್ ಅಂತಿತ್ತು. ಪಾಪ, ಎಷ್ಟು ಕಷ್ಟಪಟ್ಟೆ. ಮುಂದಿನ ಹುಟ್ಟುಹಬ್ಬಕ್ಕೆ ಮತ್ತೆ ನೋಡೋಣ. ದೋಣಿ ಎಲ್ಲಿ ಓಡಿಹೋಗುತ್ತೆ? ಅದರೊಳಗೆ ನನ್ನ ಟೊಮ್ಯಾಟೊ ಎಷ್ಟು ಚೆನ್ನಾಗಿ ಬಂದಿದೆ ಗೊತ್ತಾ? ಅದಕ್ಕೇ ಚಳಿಗಾಲ ಪೂರ್ತಿ ಟಾರ್ಪಾಲು ಹೊದಿಸಿ ಮಣ್ಣು ಬೆಚ್ಚಗಿಡೋದು.”

ಲೊರೀನ್ ಬಂದು ಅವನ ತಟ್ಟೆಗೆ ಹಸಿರು ಜೆಲ್ಲಿ ಸಲಾಡ್ ಹಾಕಿದಳು. ಮೊದಲ ಸೌಟು ನಡುಗುತ್ತಾ ಬಿತ್ತು. ಎರಡನೆಯದು ಅದರ ಮೇಲೆ ಕೂತಿತು. ಹಾಲಿನ ಮಾತೆಲ್ಲ ನಿಂತು ನಲವತ್ತು ಜೊತೆ ಕಣ್ಣು ಅವನ ಚಮಚದ ಮೇಲೆ ನೆಟ್ಟವು. ಕ್ಯಾರೆಟ್ ತುರಿ ತೊಟ್ಟಿಯ ನೀರಿನಲ್ಲಿ ಬಿದ್ದ ಕಡ್ಡಿಗಳ ಹಾಗೆ ಹೊಳೆಯುತ್ತಿತ್ತು.

“ಆಹಾ” ಎಂದ ವೆಂಡೆಲ್.

ಸಮಾಧಾನದ ನಿಟ್ಟುಸಿರೊಂದು ಹಾಲಿನ ಉದ್ದಕ್ಕೂ ಹರಿಯಿತು. ಮಾತು ಮತ್ತೆ ಶುರುವಾಯಿತು. ಓಪಲ್ ತಲೆಯಾಡಿಸಿದರು. ಆಡಿಸಿದ ರಭಸಕ್ಕೆ ಚೆರ್ರಿಗಳ ಟೋಪಿ ಜಾರಿ ಒಂದು ಕಿವಿಯ ಮೇಲೆ ಬಂದು ಕೂತಿತು. ಅದನ್ನು ಕೂದಲಿಗೆ ಹಿಡಿದಿಡುವ ಪಿನ್ನು ಇರಲಿಲ್ಲ.

ವೆಂಡೆಲ್ ಟೋಪಿ ನೋಡಿದ. ಅವರ ಮುಖ ನೋಡಿದ. ಬಾಯಲ್ಲಿದ್ದ ಜೆಲ್ಲಿ ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ತನಗರಿವಿಲ್ಲದೆ ಅವನ ಕೈ ಜೇಬಿಗೆ ಹೋಗಿ ಕಪ್ಪು ಮಣಿಯ ಪಿನ್ನೊಂದನ್ನು ಹೊರಗೆ ತಂದಿತು.

ಓಪಲ್ ಮೇಜಿನ ಕೆಳಗೆ ಅಂಗೈ ಚಾಚಿದರು.

“ಕೊಡು ಮರಿ, ಅದು ನನ್ನದು” ಎಂದರು, ಬಿಸ್ಕತ್ತು ಕೊಡುವಾಗಿನ ದನಿಯಲ್ಲೇ. “ಎಪ್ಪತ್ತೊಂದರದೂ ಇದ್ರೆ ಕೊಟ್ಟುಬಿಡು. ಅವೆರಡೂ ಜೋಡಿ.”

ವೆಂಡೆಲ್ ಎರಡನ್ನೂ ಕೊಟ್ಟ. ಕೊಟ್ಟು, ಆ ಊರಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ, “ಥ್ಯಾಂಕ್ಯೂ ಮಿಸ್ ಓಪಲ್” ಎಂದ.